ದಾರಿಯ ಕೊನೆಯ ನೂರು ಕಿಲೋಮೀಟರ್

ಸ್ಪೋರ್ಟ್ ಟೂರಿಂಗ್ ಬೈಕುಗಳನ್ನು ಹೋಲಿಸಲು ಕೂತವರು ಸಾಮಾನ್ಯವಾಗಿ ಎರಡು ಪಟ್ಟಿ ಮಾಡಿಕೊಳ್ಳುತ್ತಾರೆ. ಒಂದರಲ್ಲಿ ಸಾಮರ್ಥ್ಯ: ಎಷ್ಟು ಅಶ್ವಶಕ್ತಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಗರಿಷ್ಠ ವೇಗ ಎಷ್ಟು. ಇನ್ನೊಂದರಲ್ಲಿ ಆರಾಮ: ಸೀಟು ಮೆತ್ತಗಿದೆಯೆ, ಗಾಳಿ ತಡೆಯುತ್ತದೆಯೆ, ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಏನಾದರೂ ಇದೆಯೆ. ಎರಡಕ್ಕೂ ಅಂಕ ಕೊಟ್ಟು, ಇದು ವೇಗ ಬಯಸುವವರಿಗೆ, ಅದು ಸಂಸಾರಸ್ಥರಿಗೆ ಎಂದು ತೀರ್ಪು ಬರೆದು ಮುಗಿಸುತ್ತಾರೆ. ಈ ಎರಡು ಪಟ್ಟಿಯ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ದಿನಕ್ಕೆ ಐನೂರು ಕಿಲೋಮೀಟರ್ ಓಡಲೆಂದೇ ಕಟ್ಟಿದ ಬೈಕಿನಲ್ಲಿ ಆರಾಮವೂ ಸಾಮರ್ಥ್ಯದ ಒಂದು ಅಂಗ. ಏಳೆಂಟು ಗಂಟೆ ಕೂತ ಮೇಲೂ ಸವಾರರ ಕಣ್ಣು, ಕೈ, ತಲೆ ಬೆಳಗಿನಂತೆಯೇ ಚುರುಕಾಗಿದ್ದರೆ ಮಾತ್ರ ಎಂಜಿನ್ನಿನ ಶಕ್ತಿ ಅವರ ಉಪಯೋಗಕ್ಕೆ ಬರುತ್ತದೆ. ದಣಿದವರ ಕೈಯಲ್ಲಿ 150 ಅಶ್ವಶಕ್ತಿ ಇದ್ದೂ ಇಲ್ಲದಂತೆ. ಆದ್ದರಿಂದ ಈ ಬಗೆಯ ಬೈಕನ್ನು ಪರೀಕ್ಷಿಸಲು ಸರಿಯಾದ ಜಾಗ ದಿನದ ಕೊನೆಯ ನೂರು ಕಿಲೋಮೀಟರ್.

ಈ ವರ್ಗದ ಬೈಕು ಹುಟ್ಟಿದ ಕಥೆಯೇ ಇದಕ್ಕೆ ಮೊದಲ ಸಾಕ್ಷಿ. 1976ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್100ಆರ್‌ಎಸ್ ಎಂಬ ಬೈಕನ್ನು ತಂದಿತು. ಅದರ 980 ಸಿಸಿ ಎಂಜಿನ್ನಿಗೆ ಇದ್ದದ್ದು 70 ಅಶ್ವಶಕ್ತಿ. ಅದಕ್ಕಿಂತ ನಾಲ್ಕು ವರ್ಷ ಮೊದಲೇ ಜಪಾನಿನ ಕವಾಸಕಿ ಝಡ್1 ಬೈಕು 82 ಅಶ್ವಶಕ್ತಿಯೊಂದಿಗೆ ಬಂದಿತ್ತು. ಕಾಗದದ ಮೇಲೆ ಜರ್ಮನ್ ಬೈಕು ಸೋತಂತೆಯೇ. ಆದರೆ ಅದಕ್ಕೆ ಹಾನ್ಸ್ ಮೂಟ್ ರೂಪಿಸಿದ ಪೂರ್ಣ ಫೇರಿಂಗ್ ಇತ್ತು. ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಗಾಳಿ ಸುರಂಗದಲ್ಲಿ ಪರೀಕ್ಷಿಸಿ ತಿದ್ದಿದ ಹೊದಿಕೆ ಅದು. ವೇಗದಲ್ಲಿ ಮುಂಚಕ್ರ ಹಗುರಾಗದಂತೆ ನೋಡಿಕೊಳ್ಳುವುದು ಅದರ ಒಂದು ಕೆಲಸ, ಸವಾರರ ಎದೆಗೂ ಕೈಗೂ ಗಾಳಿಯ ಹೊಡೆತ ತಪ್ಪಿಸುವುದು ಇನ್ನೊಂದು. ಒಂದೇ ಹೊದಿಕೆ ಸ್ಥಿರತೆಯನ್ನೂ ಆರಾಮವನ್ನೂ ಒಟ್ಟಿಗೆ ಕೊಟ್ಟಿತು. ಹೆಚ್ಚು ಶಕ್ತಿಯ ಬೈಕುಗಳ ಸವಾರರು ಗಾಳಿಗೆ ಹೆದರಿ ವೇಗ ಇಳಿಸುತ್ತಿದ್ದ ಜರ್ಮನಿಯ ಹೆದ್ದಾರಿಗಳಲ್ಲಿ ಈ ಬೈಕು ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುತ್ತಿತ್ತು. ಮುಂದೆ 1990ರಲ್ಲಿ ಹೋಂಡಾ ತಂದ ಎಸ್‌ಟಿ1100 ಪ್ಯಾನ್ ಯುರೋಪಿಯನ್ ಇದೇ ಯೋಚನೆಯನ್ನು ಬೆಳೆಸಿತು: ಉದ್ದಕ್ಕೆ ಕೂರಿಸಿದ ವಿ4 ಎಂಜಿನ್, ಚೈನಿನ ಬದಲು ಶಾಫ್ಟ್, 28 ಲೀಟರಿನ ಟ್ಯಾಂಕು. ಯಾರೂ ಅದನ್ನು ರೇಸ್ ಬೈಕು ಎನ್ನಲಿಲ್ಲ. ಆದರೂ ಒಂದು ದೇಶದಲ್ಲಿ ತಿಂಡಿ ತಿಂದು ಇನ್ನೊಂದರಲ್ಲಿ ಊಟ ಮಾಡುವ ಯುರೋಪಿನ ಸವಾರರಿಗೆ ಅದಕ್ಕಿಂತ ಬೇಗ ತಲುಪಿಸುವ ಬೈಕು ಸಿಗುವುದು ಕಷ್ಟವಿತ್ತು.

ಗಾಳಿಯ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಚದರ ಮೀಟರಿಗೆ ಸುಮಾರು 30 ಕೆ.ಜಿ. ತೂಕಕ್ಕೆ ಸಮ, 100ರಲ್ಲಿ 47 ಕೆ.ಜಿ., 120ರಲ್ಲಿ 68 ಕೆ.ಜಿ. ಸವಾರರ ಎದೆ ಹೊಟ್ಟೆ ಸೇರಿ ಕಾಲು ಚದರ ಮೀಟರ್ ಎಂದಿಟ್ಟುಕೊಂಡರೂ, ಹೊದಿಕೆಯಿಲ್ಲದ ಬೈಕಿನಲ್ಲಿ ನೂರರ ವೇಗಕ್ಕೆ ಹನ್ನೊಂದು ಹನ್ನೆರಡು ಕೆ.ಜಿ. ಭಾರ ಎದೆಯನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಅದನ್ನು ತಡೆದು ನಿಲ್ಲುವುದು ಹ್ಯಾಂಡಲ್ ಹಿಡಿದ ಕೈ, ಹೆಗಲು, ಕುತ್ತಿಗೆ. ಐದು ನಿಮಿಷಕ್ಕೆ ಏನೂ ಅನ್ನಿಸುವುದಿಲ್ಲ; ಮೂರು ಗಂಟೆಗೆ ಅದೇ ದೇಹವನ್ನು ಹಣ್ಣು ಮಾಡುತ್ತದೆ. ಇನ್ನೂ ಒಂದು ಕೇಡಿದೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದ ಕೈ ತಿರುವಿನಲ್ಲಿ ಮೃದುವಾಗಿ ಕೆಲಸ ಮಾಡಲಾರದು. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬೈಕು ಒರಟಾಗಿ ತಿರುಗುತ್ತಿದೆ ಎಂದು ದೂರುವ ಎಷ್ಟೋ ಸಂದರ್ಭಗಳಲ್ಲಿ ಒರಟಾಗಿರುವುದು ಬೈಕಲ್ಲ, ಹೆದ್ದಾರಿಯ ಗಾಳಿಗೆ ಬಿಗಿದುಕೊಂಡ ತೋಳುಗಳು.

ಹಾಗೆಂದು ದೊಡ್ಡ ವಿಂಡ್‌ಸ್ಕ್ರೀನ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಗಾಜಿನ ಅಂಚಿನಿಂದ ಹೊರಡುವ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿ ಹೆಲ್ಮೆಟ್ಟಿಗೇ ಬಡಿದರೆ ತಲೆ ಅಲ್ಲಾಡುತ್ತದೆ, ಕಣ್ಣಿಗೆ ದೂರದ್ದು ಸ್ಥಿರವಾಗಿ ಕಾಣುವುದಿಲ್ಲ, ಸದ್ದು ಕಿವಿಯನ್ನು ತಿನ್ನುತ್ತದೆ. ನೂರರ ವೇಗ ದಾಟಿದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು 90 ಡೆಸಿಬಲ್ ಮೀರುತ್ತದೆ. ಕಾರ್ಖಾನೆಯಾಗಿದ್ದರೆ ಕಿವಿಗೆ ರಕ್ಷಣೆ ಕೊಡಬೇಕಾದ ಮಟ್ಟ ಅದು. ಹಲವು ಸಲ ಮಧ್ಯಮ ಎತ್ತರದ ಗಾಜಿಗಿಂತ ಗಿಡ್ಡ ಗಾಜೇ ಮೇಲು, ಏಕೆಂದರೆ ಆಗ ಹೆಲ್ಮೆಟ್ಟಿಗೆ ಸುಳಿಯಿಲ್ಲದ ನೇರ ಗಾಳಿ ಸಿಗುತ್ತದೆ. ಆದ್ದರಿಂದ ಗಾಜು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದನ್ನು ಎಷ್ಟು ಏರಿಸಿ ಇಳಿಸಬಹುದು ಎಂದು ಕೇಳುವುದು ಸರಿಯಾದ ಪ್ರಶ್ನೆ. ಬಿಎಂಡಬ್ಲ್ಯು ಆರ್1250ಆರ್‌ಟಿ, ಯಮಹಾ ಎಫ್‌ಜೆಆರ್1300 ಬೈಕುಗಳಲ್ಲಿ ಓಡಿಸುತ್ತಲೇ ಗುಂಡಿ ಒತ್ತಿ ಗಾಜನ್ನು ಏರಿಸಬಹುದು. ಇದನ್ನು ಶೋಕಿ ಎನ್ನುವವರಿದ್ದಾರೆ. ಬಿಸಿಲಲ್ಲಿ ಇಳಿಸಿ ಮಳೆಯಲ್ಲಿ ಏರಿಸಿ ದಿನ ಕಳೆಯುವ ದೂರದ ಸವಾರರಿಗೆ ಅದು ಬ್ರೇಕಿನಷ್ಟೇ ಕೆಲಸದ ಭಾಗ.

ಕೂರುವ ಭಂಗಿಯ ವಿಷಯದಲ್ಲೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಮೆತ್ತಗಿರುವುದೇ ಆರಾಮ ಎಂದು ಅನೇಕರು ನಂಬಿದ್ದಾರೆ. ಶೋರೂಮಿನಲ್ಲಿ ಕೂತು ಬೆರಳಲ್ಲಿ ಒತ್ತಿ ನೋಡಿ ಸೀಟು ಚೆನ್ನಾಗಿದೆ ಎನ್ನುತ್ತಾರೆ. ತೀರ ಮೆತ್ತನೆಯ ಫೋಮ್ ಒಂದು ಗಂಟೆಯಲ್ಲಿ ಪೂರ್ತಿ ಕುಸಿಯುತ್ತದೆ. ಆಮೇಲೆ ಕೂತಿರುವುದು ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೆ. ಸ್ವಲ್ಪ ಗಟ್ಟಿಯಾದ, ಅಗಲವಾದ, ಹಿಂದೆ ಮುಂದೆ ಸರಿಯಲು ಜಾಗವಿರುವ ಸೀಟು ನಾಲ್ಕನೆಯ ಗಂಟೆಯಲ್ಲೂ ಸಹಿಸುವಂತಿರುತ್ತದೆ. ಇನ್ನು ಹ್ಯಾಂಡಲ್, ಸೀಟು, ಕಾಲಿಡುವ ಪೆಗ್ ಈ ಮೂರು ಬಿಂದುಗಳ ನಡುವಿನ ತ್ರಿಕೋನ. ರೇಸ್ ಬೈಕಿನಲ್ಲಿ ಮುಂದಕ್ಕೆ ತೀರ ಬಾಗುವುದರಿಂದ ಭಾರ ಮಣಿಕಟ್ಟಿಗೆ ಬೀಳುತ್ತದೆ. ಕ್ರೂಸರಿನಲ್ಲಿ ಕಾಲು ಮುಂದೆ ಚಾಚಿ ನೆಟ್ಟಗೆ ಕೂರುವುದರಿಂದ ರಸ್ತೆಯ ಪ್ರತಿ ಹೊಡೆತವೂ ನೇರ ಬೆನ್ನುಮೂಳೆಗೆ ಹೋಗುತ್ತದೆ, ಕಾಲೂರಿ ಮೇಲೇಳಲೂ ಆಗುವುದಿಲ್ಲ. ಒಳ್ಳೆಯ ಸ್ಪೋರ್ಟ್ ಟೂರರಿನಲ್ಲಿ ಬೆನ್ನು ಅಲ್ಪ ಮುಂದಕ್ಕೆ ಬಾಗಿರುತ್ತದೆ, ಮೊಣಕಾಲು ಹೆಚ್ಚು ಮಡಚಿರುವುದಿಲ್ಲ, ಪೆಗ್ ಸೊಂಟದ ಕೆಳಗೇ ಇರುವುದರಿಂದ ಹಳ್ಳ ಬಂದಾಗ ಅರೆಕ್ಷಣ ಎದ್ದು ನಿಲ್ಲಬಹುದು. ಈ ಭಂಗಿ ಆರಾಮಕ್ಕೂ ಸರಿ, ತಿರುವಿಗೂ ಸರಿ. ದೇಹದ ಭಾರವನ್ನು ಸೀಟು, ಕಾಲು, ಕೈ ಹಂಚಿಕೊಂಡಾಗಲೇ ಬೈಕಿನ ಮೇಲೆ ಹತೋಟಿಯೂ ಚೆನ್ನಾಗಿರುತ್ತದೆ.

ಇದೆಲ್ಲ ಸುಖದ ಮಾತಾಯಿತು, ಬೇಗ ತಲುಪುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬೆಂಗಳೂರಿನಿಂದ ಬೆಳಗಾವಿಗೆ ಸುಮಾರು 500 ಕಿಲೋಮೀಟರ್. ಇಬ್ಬರು ಸವಾರರು ಹೊರಟಿದ್ದಾರೆ ಎಂದುಕೊಳ್ಳಿ. ಒಬ್ಬರದು ಸರಾಸರಿ 80ರ ಓಟ, ಆದರೆ ಮಣಿಕಟ್ಟು ನೋವಿಗೆ 60 ಕಿಲೋಮೀಟರಿಗೊಮ್ಮೆ ಇಪ್ಪತ್ತು ನಿಮಿಷ ನಿಲ್ಲಬೇಕು. ಇನ್ನೊಬ್ಬರದು 70ರ ಓಟ, 150 ಕಿಲೋಮೀಟರಿಗೊಮ್ಮೆ ಅಷ್ಟೇ ಹೊತ್ತಿನ ವಿಶ್ರಾಂತಿ. ಮೊದಲನೆಯವರಿಗೆ ಓಟಕ್ಕೆ ಆರೂಕಾಲು ಗಂಟೆ, ಎಂಟು ನಿಲುಗಡೆಗೆ ಎರಡು ಗಂಟೆ ನಲವತ್ತು ನಿಮಿಷ. ಒಟ್ಟು ಒಂಬತ್ತು ಗಂಟೆಗೆ ಐದೇ ನಿಮಿಷ ಕಡಿಮೆ. ಎರಡನೆಯವರಿಗೆ ಓಟಕ್ಕೆ ಏಳು ಗಂಟೆ ಒಂಬತ್ತು ನಿಮಿಷ, ಮೂರು ನಿಲುಗಡೆಗೆ ಒಂದು ಗಂಟೆ. ನಿಧಾನ ಓಡಿಸಿದವರು ಮುಕ್ಕಾಲು ಗಂಟೆ ಮೊದಲೇ ಬೆಳಗಾವಿಯಲ್ಲಿರುತ್ತಾರೆ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಎಂಬ ದೂರ ಸವಾರರ ಸಂಸ್ಥೆಯ ಪ್ರಸಿದ್ಧ ಪರೀಕ್ಷೆಯೊಂದಿದೆ: 24 ಗಂಟೆಯೊಳಗೆ 1,000 ಮೈಲಿ, ಅಂದರೆ 1,609 ಕಿಲೋಮೀಟರ್. ಕೇಳಲು ಭಯವಾಗುತ್ತದೆ. ಸರಾಸರಿ ತೆಗೆದರೆ ಗಂಟೆಗೆ 67 ಕಿಲೋಮೀಟರ್ ಅಷ್ಟೆ. ಇಂಥ ಪರೀಕ್ಷೆಯಲ್ಲಿ ಸೋಲುವವರನ್ನು ಸೋಲಿಸುವುದು ಎಂಜಿನ್ ಅಲ್ಲ. ನಿಂತಲ್ಲೇ ಕಳೆದುಹೋಗುವ ಹೊತ್ತು.

ಈಗ ಎಂಜಿನ್ನಿಗೆ ಬರೋಣ. ಸುಜುಕಿಯ ಜಿಎಸ್‌ಎಕ್ಸ್-ಎಸ್1000ಜಿಟಿ ಬೈಕಿನ ಎಂಜಿನ್ 2005ರ ರೇಸ್ ತಳಿಯ ಜಿಎಸ್‌ಎಕ್ಸ್-ಆರ್1000ದ ವಂಶದ್ದು. ಅದರ ಶಕ್ತಿ 152 ಅಶ್ವಶಕ್ತಿ, ಆದರೆ ಅದು ಸಿಗುವುದು 11,000 ಆರ್‌ಪಿಎಂನಲ್ಲಿ; ಗರಿಷ್ಠ ಟಾರ್ಕ್ 106 ನ್ಯೂಟನ್ ಮೀಟರ್, ಅದೂ 9,250ರಲ್ಲಿ. ಮೂರು ಸಿಲಿಂಡರಿನ ಯಮಹಾ ಟ್ರೇಸರ್ 9 ಜಿಟಿಯದು 119 ಅಶ್ವಶಕ್ತಿ, 7,000 ಆರ್‌ಪಿಎಂನಲ್ಲಿ 93 ನ್ಯೂಟನ್ ಮೀಟರ್. ಬಿಎಂಡಬ್ಲ್ಯು ಆರ್1250ಆರ್‌ಎಸ್‌ನದು 136 ಅಶ್ವಶಕ್ತಿ, 6,250ರಲ್ಲಿ 143 ನ್ಯೂಟನ್ ಮೀಟರ್. ಮೇಲಿನ ಗೇರಿನಲ್ಲಿ ನೂರರ ವೇಗಕ್ಕೆ ಇಂಥ ದೊಡ್ಡ ಎಂಜಿನ್ನುಗಳು ಸುಮಾರು 4,000 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತವೆ. ಶಿರಾಡಿಯಲ್ಲಿ ಲಾರಿ ಸಾಲು ದಾಟಬೇಕಾದಾಗ ಸವಾರರ ಕೈಗೆ ಸಿಗುವುದು ಆ ಹಂತದಲ್ಲಿರುವ ಟಾರ್ಕ್ ಮಾತ್ರ. ಬಿಎಂಡಬ್ಲ್ಯು ತನ್ನ ಈ ಎಂಜಿನ್ 2,000 ಆರ್‌ಪಿಎಂನಿಂದಲೇ 110 ನ್ಯೂಟನ್ ಮೀಟರ್ ಮೀರಿ ಕೊಡುತ್ತದೆ ಎನ್ನುತ್ತದೆ. ಅಂದರೆ ಸುಜುಕಿ 9,250ರಲ್ಲಿ ಮುಟ್ಟುವ ತುತ್ತತುದಿಯನ್ನು ಇದು ಓಟದ ಆರಂಭದಲ್ಲೇ ದಾಟಿರುತ್ತದೆ. ಹದಿನಾರು ಅಶ್ವಶಕ್ತಿ ಕಡಿಮೆಯಿರುವ ಬೈಕೇ ನಿಜವಾದ ರಸ್ತೆಯಲ್ಲಿ ಗೇರ್ ಬದಲಿಸದೆ ಮುಂದೆ ಹೋಗುತ್ತದೆ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ, ತಯಾರಕರೂ ಇದನ್ನು ಒಪ್ಪಿಕೊಂಡಿದ್ದಾರೆ ಎನ್ನಲು ಕವಾಸಕಿಯೇ ಸಾಕ್ಷಿ. ಆ ಕಂಪನಿಯ ನಿಂಜಾ 1000ಎಸ್‌ಎಕ್ಸ್ ಬೈಕಿಗೆ 1,043 ಸಿಸಿ ಎಂಜಿನ್, 10,000 ಆರ್‌ಪಿಎಂನಲ್ಲಿ 142 ಅಶ್ವಶಕ್ತಿ, 8,000ದಲ್ಲಿ 111 ನ್ಯೂಟನ್ ಮೀಟರ್ ಇತ್ತು. ಅದರ ಜಾಗಕ್ಕೆ ಬಂದ ನಿಂಜಾ 1100ಎಸ್‌ಎಕ್ಸ್‌ನ ಎಂಜಿನ್ 1,099 ಸಿಸಿಗೆ ಹಿಗ್ಗಿದೆ, ಆದರೆ ಶಕ್ತಿ 136ಕ್ಕೆ ಇಳಿದಿದೆ, ಅದೂ 9,000 ಆರ್‌ಪಿಎಂನಲ್ಲಿ. ಟಾರ್ಕ್ 113ಕ್ಕೆ ಏರಿದೆ, 7,600ರಲ್ಲೇ ಸಿಗುತ್ತದೆ. ಐದನೆಯ ಮತ್ತು ಆರನೆಯ ಗೇರುಗಳ ಅನುಪಾತವನ್ನೂ ಎಂಜಿನ್ ಕಡಿಮೆ ತಿರುಗುವಂತೆ ಬದಲಿಸಿದ್ದಾರೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಲು ಬರುವ ಅಂಕಿಯನ್ನು ಬೇಕೆಂದೇ ಇಳಿಸುವುದು ಮಾರಾಟದ ದೃಷ್ಟಿಯಿಂದ ಸುಲಭದ ತೀರ್ಮಾನವಲ್ಲ. ಆ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಎಂಜಿನ್ನಿನ ನಡುಕವೂ ಇದೇ ಲೆಕ್ಕಕ್ಕೆ ಸೇರಬೇಕು. ಸಾಲಾಗಿ ನಾಲ್ಕು ಸಿಲಿಂಡರಿರುವ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಜೋಡಿಜೋಡಿಯಾಗಿ ಏರಿಳಿದರೂ, ತಿರುಗುವ ವೇಗದ ಇಮ್ಮಡಿ ಲಯದಲ್ಲಿ ಒಂದು ಸಣ್ಣ ಕಂಪನ ಉಳಿದೇ ಉಳಿಯುತ್ತದೆ. ಹ್ಯಾಂಡಲ್ಲಿನಲ್ಲಿ ಅದು ಝುಮ್ಮೆನ್ನುವ ನಡುಕವಾಗಿ ಬಂದು ಒಂದೆರಡು ಗಂಟೆಯಲ್ಲಿ ಬೆರಳಿಗೆ ಜೋಮು ಹಿಡಿಸುತ್ತದೆ. ಸುಜುಕಿ ತನ್ನ ಜಿಟಿಯಲ್ಲಿ ಹ್ಯಾಂಡಲ್ಲನ್ನು ರಬ್ಬರಿನ ಮೇಲೆ ಕೂರಿಸಿದ್ದು ಇದಕ್ಕಾಗಿಯೇ. ಯಮಹಾದ ಮೂರು ಸಿಲಿಂಡರಿನ ವಿನ್ಯಾಸದಲ್ಲಿ ಈ ಇಮ್ಮಡಿ ಕಂಪನ ತಾನೇ ರದ್ದಾಗುತ್ತದೆ. ಉಳಿಯುವ ತೂಗಾಟವನ್ನು ಒಂದು ಬ್ಯಾಲೆನ್ಸರ್ ಶಾಫ್ಟ್ ತಡೆಯುತ್ತದೆ. ಬಿಎಂಡಬ್ಲ್ಯುವಿನ ಬಾಕ್ಸರ್ ಎಂಜಿನ್ನಿನಲ್ಲಿ ಎದುರುಬದುರಾದ ಎರಡು ಪಿಸ್ಟನ್ನುಗಳು ಒಂದರ ಹೊಡೆತವನ್ನು ಇನ್ನೊಂದು ನುಂಗಿಕೊಳ್ಳುತ್ತವೆ. ಅದರ ದಪ್ಪ ಮಿಡಿತ ಮೈಗೆ ಗೊತ್ತಾಗುತ್ತದೆ, ಬೆರಳನ್ನು ಮಾತ್ರ ಕಾಡುವುದಿಲ್ಲ. 1,649 ಸಿಸಿಯ ಕೆ1600ಜಿಟಿಯ ಆರು ಸಿಲಿಂಡರಿನ ಸಾಲು ಸಹಜವಾಗಿಯೇ ಪೂರ್ಣ ಸಮತೋಲನದ್ದು. ಆದರೆ ಆ ನಯಕ್ಕೆ 300 ಕೆ.ಜಿ. ಮೀರಿದ ತೂಕದ ಬೆಲೆ ತೆರಬೇಕು.

ಆರಾಮ ಹೆಚ್ಚಾದಂತೆ ತೂಕವೂ ಹೆಚ್ಚಾಗಿ ಬೈಕಿನ ಚುರುಕು ಸಾಯುತ್ತದೆ ಎಂಬ ಆಕ್ಷೇಪ ಬರುವುದು ಇಲ್ಲೇ. ಇದನ್ನು ತೂಗಿ ನೋಡಲು ಒಂದು ಒಳ್ಳೆಯ ಅವಕಾಶವಿದೆ. ಬಿಎಂಡಬ್ಲ್ಯು ಒಂದೇ 1250 ಎಂಜಿನ್ನನ್ನು, ಒಂದೇ 136 ಅಶ್ವಶಕ್ತಿಯೊಂದಿಗೆ, ಆರ್‌ಎಸ್ ಮತ್ತು ಆರ್‌ಟಿ ಎಂಬ ಎರಡು ಬೈಕುಗಳಲ್ಲಿ ಕೂರಿಸಿತು. ಆರ್‌ಎಸ್ 243 ಕೆ.ಜಿ., 18 ಲೀಟರಿನ ಟ್ಯಾಂಕು, ಸಣ್ಣ ಗಾಜು, ತುಸು ಹೆಚ್ಚು ಬಾಗುವ ಭಂಗಿ. ಆರ್‌ಟಿ 279 ಕೆ.ಜಿ., 25 ಲೀಟರಿನ ಟ್ಯಾಂಕು, ದೊಡ್ಡ ಫೇರಿಂಗ್, 805 ಅಥವಾ 825 ಮಿಲಿಮೀಟರಿಗೆ ಹೊಂದಿಸಬಹುದಾದ ಸೀಟು. 36 ಕೆ.ಜಿ. ವ್ಯತ್ಯಾಸ ಸಣ್ಣದಲ್ಲ. ಪಾರ್ಕಿಂಗ್ ಜಾಗದಿಂದ ಹಿಂದಕ್ಕೆ ತಳ್ಳುವಾಗ, ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಕಾಲೂರುತ್ತ ಸಾಗುವಾಗ ಅದು ಮೊಣಕಾಲಿಗೇ ಗೊತ್ತಾಗುತ್ತದೆ. ನಗರದಲ್ಲೇ ಹೆಚ್ಚು ಓಡಿಸುವವರಿಗೆ ಆರ್‌ಎಸ್ ಉತ್ತಮ ಎನ್ನಲು ನನಗೆ ಹಿಂಜರಿಕೆಯಿಲ್ಲ. ಆದರೆ ಲೀಟರಿಗೆ 20 ಕಿಲೋಮೀಟರ್ ಎಂದು ಹಿಡಿದರೆ ಆರ್‌ಎಸ್ 360 ಕಿಲೋಮೀಟರಿಗೆ ಬಂಕಿಗೆ ಬರಬೇಕು, ಆರ್‌ಟಿ 500 ಓಡಬಲ್ಲದು. ತಿರುವಿನಲ್ಲಿ ತೂಕ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದು ಮುಖ್ಯ. ಬಾಕ್ಸರ್ ಎಂಜಿನ್ನಿನ ಸಿಲಿಂಡರುಗಳು ಕೆಳಗೆ ಅಡ್ಡಕ್ಕೆ ಮಲಗಿರುವುದರಿಂದ ಓಡಲು ಶುರುವಾದ ಮೇಲೆ ಆರ್‌ಟಿಯ ತೂಕ ಬಹುಮಟ್ಟಿಗೆ ಮರೆತುಹೋಗುತ್ತದೆ. ಆರನೆಯ ಗಂಟೆಯಲ್ಲಿ ಘಾಟಿ ಎದುರಾದರೆ, ದಣಿಯದೆ ಅಲ್ಲಿಗೆ ಬಂದ ಆರ್‌ಟಿಯ ಸವಾರರು ಆರ್‌ಎಸ್‌ನವರಿಗಿಂತ ಹಿಂದೆ ಬೀಳುವರೆಂದು ನಾನು ನಂಬುವುದಿಲ್ಲ.

ಸಾಮರ್ಥ್ಯವನ್ನು ಶಕ್ತಿಯ ಅಂಕಿಗೇ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಹೋಂಡಾ ವಿಎಫ್‌ಆರ್1200ಎಫ್ ಕಥೆ ನೋಡಬೇಕು. 2010ರಲ್ಲಿ ಬಂದ ಈ ಬೈಕಿಗೆ 172 ಅಶ್ವಶಕ್ತಿ, ಶಾಫ್ಟ್ ಡ್ರೈವ್, ಮೋಟಾರ್ ಸೈಕಲ್ಲಿಗೆ ಮೊದಲ ಸಲ ಬಂದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಎಲ್ಲ ಇದ್ದವು. ಎಂಜಿನಿಯರಿಂಗ್ ದೃಷ್ಟಿಯಿಂದ ಅದೊಂದು ಸೊಗಸಾದ ಯಂತ್ರ. ಟ್ಯಾಂಕು ಮಾತ್ರ 18.5 ಲೀಟರ್. ಅಷ್ಟು ಶಕ್ತಿಯನ್ನು ಬಳಸಿ ಓಡಿಸಿ ಲೀಟರಿಗೆ 15 ಕಿಲೋಮೀಟರ್ ಸಿಕ್ಕರೆ 280ರೊಳಗೆ ಟ್ಯಾಂಕು ಬರಿದು. ಎಲ್ಲೆಡೆ ಬಂದ ಮೊದಲ ದೂರೇ ಇದು. 2012ರಲ್ಲಿ ಹೋಂಡಾ ಅದನ್ನು 19 ಲೀಟರಿಗೆ ಏರಿಸಿತು, ಅಷ್ಟಕ್ಕೆ ಜನ ತೃಪ್ತರಾಗಲಿಲ್ಲ. 2007ರಲ್ಲಿ ಬಂದ ಕವಾಸಕಿ 1400ಜಿಟಿಆರ್ ಇನ್ನೊಂದು ಪಾಠ ಕಲಿಸಿತು. 22 ಲೀಟರಿನ ಟ್ಯಾಂಕು, ದೈತ್ಯ ಶಕ್ತಿ ಎಲ್ಲ ಇದ್ದೂ ಎಂಜಿನ್ನಿನ ಬಿಸಿಗಾಳಿ ಕಾಲಿಗೆ ರಾಚುತ್ತಿತ್ತು. 2010ರ ಮಾದರಿಯಲ್ಲಿ ಫೇರಿಂಗ್ ಬದಲಿಸಿ ಆ ಬಿಸಿಯನ್ನು ಆಚೆ ತಿರುಗಿಸಬೇಕಾಯಿತು. ಏಪ್ರಿಲಿನಲ್ಲಿ ಕಲಬುರಗಿ, ರಾಯಚೂರಿನ ಕಡೆ ಓಡಿಸುವವರಿಗೆ ಈ ವಿವರ ಅಶ್ವಶಕ್ತಿಗಿಂತ ನೂರು ಪಾಲು ಮುಖ್ಯ.

ನನ್ನ ವಾದಕ್ಕೆ ವಿರುದ್ಧದ ಸಾಕ್ಷಿಯನ್ನೂ ಮುಚ್ಚಿಡಬಾರದು. ಪ್ಯಾನ್ ಯುರೋಪಿಯನ್ನಿನ ಮುಂದಿನ ತಲೆಮಾರಾದ ಎಸ್‌ಟಿ1300 ಆರಾಮದಲ್ಲಿ ಹೆಸರು ಮಾಡಿದ ಬೈಕು, 29 ಲೀಟರಿನ ಟ್ಯಾಂಕಿನದು. ಬ್ರಿಟನ್ನಿನ ಪೊಲೀಸರು ಅದನ್ನು ಬಹಳ ಬಳಸಿದರು. ಸಲಕರಣೆ ಹೇರಿಕೊಂಡು ಅತಿ ವೇಗದಲ್ಲಿ ಹೋಗುವಾಗ ಬೈಕು ಎಡಬಲಕ್ಕೆ ಹಾವಿನಂತೆ ಓಲಾಡುತ್ತದೆ ಎಂಬ ದೂರು ಎದ್ದಿತು. 2005ರಲ್ಲಿ ಪೊಲೀಸ್ ಸವಾರರೊಬ್ಬರ ಸಾವೂ ಸಂಭವಿಸಿತು. 2007ರಲ್ಲಿ ಅಲ್ಲಿನ ಹಲವು ಪೊಲೀಸ್ ಪಡೆಗಳು ಈ ಬೈಕನ್ನು ಸೇವೆಯಿಂದ ಹಿಂತೆಗೆದವು. ಆರಾಮವೊಂದೇ ಸಾಲದು ಎಂಬುದನ್ನು ಇದು ನೋವಿನಿಂದಲೇ ತೋರಿಸಿದೆ. ಪೆಟ್ಟಿಗೆ ತುಂಬಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗಲೂ ಚಾಸಿಸ್ ನೆಟ್ಟಗೆ ನಿಲ್ಲಬೇಕು, ಬ್ರೇಕ್ ಸಾಲಬೇಕು, ಹಿಂದಿನ ಸ್ಪ್ರಿಂಗನ್ನು ಭಾರಕ್ಕೆ ತಕ್ಕಂತೆ ಬಿಗಿಮಾಡಲು ಬರಬೇಕು. ಸಾಮರ್ಥ್ಯವನ್ನು ತೆಗೆದ ಆರಾಮವೂ, ಆರಾಮವನ್ನು ತೆಗೆದ ಸಾಮರ್ಥ್ಯವೂ ದೂರದ ದಾರಿಯಲ್ಲಿ ಒಂದೇ ರೀತಿ ಕೈಕೊಡುತ್ತವೆ. ಎರಡನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆಯಬಾರದು ಎಂದದ್ದು ಇದಕ್ಕೇ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಅಡ್ವೆಂಚರ್ ಬೈಕುಗಳ ಕಡೆಯಿಂದ ಬರುತ್ತದೆ. ನೆಟ್ಟಗೆ ಕೂರುವ ಭಂಗಿ, ಉದ್ದದ ಸಸ್ಪೆನ್ಶನ್, ದೊಡ್ಡ ಟ್ಯಾಂಕು ಎಲ್ಲ ಇರುವ ಅವು ಎರಡೂ ಕೆಲಸ ಮಾಡುವಾಗ ಸ್ಪೋರ್ಟ್ ಟೂರರ್ ಯಾಕೆ? ಮಾರುಕಟ್ಟೆ ಈ ಪ್ರಶ್ನೆಗೆ ತನ್ನ ಉತ್ತರ ಕೊಟ್ಟಾಗಿದೆ; ಎಸ್‌ಟಿ1300 ಹೋಯಿತು, 1400ಜಿಟಿಆರ್ ಹೋಯಿತು, ಎಫ್‌ಜೆಆರ್1300 ಹೊಗೆ ನಿಯಮ ಬಿಗಿಯಾದ ಮೇಲೆ ಯುರೋಪಿನಿಂದ ಮರೆಯಾಯಿತು. ಬಿಎಂಡಬ್ಲ್ಯು ಅದೇ 1250 ಎಂಜಿನ್ನಿನ ಜಿಎಸ್ ಎಂಬ ಅಡ್ವೆಂಚರ್ ಬೈಕಿಗೆ ಮುಂದೆ 190, ಹಿಂದೆ 200 ಮಿಲಿಮೀಟರ್ ಚಲನೆಯ ಸಸ್ಪೆನ್ಶನ್ ಕೊಟ್ಟಿತ್ತು. ನಿಂಜಾ 1000ಎಸ್‌ಎಕ್ಸ್‌ನ ಮುಂಭಾಗದಲ್ಲಿ ಅದು 120 ಮಾತ್ರ. ಮಳೆಗಾಲ ಕಳೆದ ಮಲೆನಾಡಿನ ರಾಜ್ಯ ಹೆದ್ದಾರಿಗಳಲ್ಲಿ ಓಡಾಡುವವರಿಗೆ ಜಿಎಸ್‌ನಂಥ ಬೈಕಿನ 19 ಇಂಚಿನ ಮುಂಚಕ್ರವೇ ವಾಸಿ, ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಆದರೆ ಅದಕ್ಕೂ ಬೆಲೆಯಿದೆ. 850 ಮಿಲಿಮೀಟರ್ ಎತ್ತರದ ಸೀಟಿನಿಂದ ಎರಡೂ ಕಾಲು ನೆಲಕ್ಕೆ ಊರಲು ನಮ್ಮಲ್ಲಿ ಎಷ್ಟೋ ಜನಕ್ಕೆ ಆಗುವುದಿಲ್ಲ, ಮಹಿಳಾ ಸವಾರರಲ್ಲಿ ಬಹುಪಾಲು ಜನಕ್ಕಂತೂ ಕಷ್ಟವೇ. ಎತ್ತರದ ಬೈಕು ಅಡ್ಡಗಾಳಿಗೆ ಹೆಚ್ಚು ಸಿಗುತ್ತದೆ. ಉದ್ದದ ಸಸ್ಪೆನ್ಶನ್ ಬ್ರೇಕ್ ಹಿಡಿದಾಗ ಹೆಚ್ಚು ಮುಗ್ಗರಿಸುತ್ತದೆ. ಡಾಂಬರು ಬಿಟ್ಟು ಇಳಿಯದವರು ಈ ಬೆಲೆ ತೆರುವುದು ಯಾವುದಕ್ಕೆ ಎಂದು ಒಮ್ಮೆ ಯೋಚಿಸಬೇಕು.

ಇನ್ನು ನಮ್ಮ ನೆಲದ್ದೇ ಆದ ಆಕ್ಷೇಪ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ಎಕ್ಸ್‌ಪ್ರೆಸ್‌ವೇ ಮತ್ತು ಚತುಷ್ಪಥ ಹೆದ್ದಾರಿಗಳಲ್ಲಿ ಬೈಕಿನ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಬೆಂಗಳೂರು–ಮೈಸೂರು ದಶಪಥದ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವೇ ಇಲ್ಲ. ಹೀಗಿರುವಾಗ 136 ಅಶ್ವಶಕ್ತಿ ಯಾತಕ್ಕೆ? ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ನನ್ನ ವಾದದಲ್ಲೇ ಇದೆ. ಬೈಕೊಂದು 80ರಲ್ಲಿ ಒಂದೇ ಸಮನೆ ಸಾಗಲು ಚಕ್ರಕ್ಕೆ ಬೇಕಾಗುವುದು ಏಳೆಂಟು ಅಶ್ವಶಕ್ತಿ, ನೂರರಲ್ಲಾದರೂ ಹನ್ನೆರಡರ ಆಸುಪಾಸು. ಉಳಿದದ್ದೆಲ್ಲ ಏರಿಗೆ, ಭಾರಕ್ಕೆ, ಲಾರಿ ದಾಟುವ ಆ ಕೆಲವು ಸೆಕೆಂಡಿಗೆ. ಹಾಗಾದರೆ ಭಾರತದಲ್ಲಿ ಈ ವರ್ಗದ ಭವಿಷ್ಯ ಇರುವುದು ಮಧ್ಯಮ ಎಂಜಿನ್ನುಗಳಲ್ಲಿ. 2016ರ ಡಿಸೆಂಬರಿನಲ್ಲಿ ಬಜಾಜ್ ಡೊಮಿನಾರ್ 400 ಬಂದದ್ದು 373 ಸಿಸಿ, 35 ಅಶ್ವಶಕ್ತಿಯೊಂದಿಗೆ; 2019ರಲ್ಲಿ ಅದು 40ಕ್ಕೇರಿತು. 2021ರಲ್ಲಿ ಎತ್ತರದ ಗಾಜು, ಕೈಗೆ ಗಾಳಿತಡೆ, ಲಗೇಜ್ ಕ್ಯಾರಿಯರ್, ಹಿಂದೆ ಕೂತವರಿಗೆ ಬೆನ್ನಾಸರೆ ಇವನ್ನೆಲ್ಲ ಕಂಪನಿಯೇ ಅಳವಡಿಸಿ ಕೊಡತೊಡಗಿತು. ಎಂಜಿನ್ನಿಗೆ ಐದು ಅಶ್ವಶಕ್ತಿ ಸೇರಿಸಿದ್ದಕ್ಕಿಂತ ಆ ಗಾಜು, ಆ ಬೆನ್ನಾಸರೆ ದೂರದ ಸವಾರರಿಗೆ ಹೆಚ್ಚು ಕೊಟ್ಟವು. ದುರದೃಷ್ಟಕ್ಕೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳ ಮೇಲಿನ ಜಿಎಸ್‌ಟಿ ಶೇ 40ಕ್ಕೆ ಏರಿದೆ, ಅದರೊಳಗಿನವಕ್ಕೆ ಶೇ 18ಕ್ಕೆ ಇಳಿದಿದೆ. ದೂರ ಪ್ರಯಾಣಕ್ಕೆ ಅತ್ಯಂತ ಹದವಾದ 400ರಿಂದ 650 ಸಿಸಿ ನಡುವಿನ ಬೈಕುಗಳು ಈ ಗೆರೆಯ ಆಚೆ ಬಿದ್ದಿರುವುದು ಸರಿಯಲ್ಲ. ಈ ಗೆರೆಯನ್ನು ಮರುಪರಿಶೀಲಿಸಬೇಕು.

ಆರಾಮ ಎನ್ನುವುದು ಒಬ್ಬೊಬ್ಬರ ದೇಹಕ್ಕೆ ಒಂದೊಂದು ಥರ, ಅದನ್ನು ಅಳೆಯುವುದು ಹೇಗೆ ಎಂಬ ಮಾತೂ ಇದೆ. ಐದಡಿ ನಾಲ್ಕಿಂಚಿನವರಿಗೆ ಒಗ್ಗಿದ್ದು ಆರಡಿಯವರಿಗೆ ಒಗ್ಗದು, ನಿಜ. ಆದರೆ ಹೊಂದಿಸಿಕೊಳ್ಳುವ ಅವಕಾಶವನ್ನು ಅಳೆಯಬಹುದು. ಸೀಟಿಗೆ ಎರಡು ಎತ್ತರ ಇದೆಯೆ, ಗಾಜು ಎಷ್ಟು ಏರುತ್ತದೆ, ಹಿಂದಿನ ಸ್ಪ್ರಿಂಗನ್ನು ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಗಿಮಾಡಬಹುದೆ, ಟ್ಯಾಂಕು ತುಂಬಿಸಿದರೆ ಎಷ್ಟು ದೂರ, ಮೇಲಿನ ಗೇರಿನಲ್ಲಿ 80ಕ್ಕೆ ಎಂಜಿನ್ ಎಷ್ಟು ತಿರುಗುತ್ತದೆ: ಇವೆಲ್ಲ ಅಂಕಿಗಳೇ, ಅಶ್ವಶಕ್ತಿಯಷ್ಟೇ ನಿಖರವಾದವು. ಪತ್ರಿಕೆಗಳೂ ವಿಡಿಯೊ ಮಾಡುವವರೂ ಸೊನ್ನೆಯಿಂದ ನೂರರ ಸೆಕೆಂಡುಗಳ ಪಕ್ಕದಲ್ಲಿ ಇವನ್ನೂ ಕೊಡಬೇಕು, ಐದು ಗಂಟೆ ಓಡಿಸಿದ ಮೇಲಷ್ಟೇ ತೀರ್ಪು ಬರೆಯಬೇಕು.

ಇವತ್ತಿನ ಬೈಕುಗಳಲ್ಲಿ ನನ್ನ ತೀರ್ಪು ಹೀಗಿದೆ. ಹಣದ ಚಿಂತೆಯಿಲ್ಲದ, ಸಂಗಾತಿಯೊಂದಿಗೆ ರಾಜ್ಯದಾಚೆಗೆ ಹೋಗುವವರಿಗೆ ಬಿಎಂಡಬ್ಲ್ಯು ಆರ್‌ಟಿಗೆ ಸಾಟಿ ಇಲ್ಲ. 1250ರ ಜಾಗಕ್ಕೆ 1300 ಬಂದಿರುವುದು ಆ ಮಾತನ್ನು ಬದಲಿಸುವುದಿಲ್ಲ. ಒಬ್ಬರೇ ಹೆದ್ದಾರಿ, ಘಾಟಿ ಎರಡನ್ನೂ ಬಯಸುವವರಿಗೆ, ಭಾರತದಲ್ಲಿ ಸರ್ವಿಸ್ ಸಿಗುವ ನಿಂಜಾ 1100ಎಸ್‌ಎಕ್ಸ್ ತನ್ನ ಹಳೆಯ ರೂಪಕ್ಕಿಂತ ಸ್ಪಷ್ಟವಾಗಿ ಉತ್ತಮ. ಆದರೆ ಹೆಚ್ಚಿನ ಓದುಗರಿಗೆ ಬೇಕಿರುವುದು ಇವೆರಡೂ ಅಲ್ಲ. ನಿಮ್ಮಲ್ಲಿ ಈಗಿರುವ 250 ಅಥವಾ 400 ಸಿಸಿ ಬೈಕಿಗೆ ಒಳ್ಳೆಯ ಸೀಟು, ನಿಮ್ಮ ಎತ್ತರಕ್ಕೆ ಒಪ್ಪುವ ಗಾಜು, ಸರಿಯಾದ ಟೈರು ಹಾಕಿಸಿ, ಕಿವಿಗೆ ಇಯರ್ ಪ್ಲಗ್ ಇಟ್ಟುಕೊಳ್ಳಿ. ಹೊಸದನ್ನು ಕೊಳ್ಳುವುದೇ ಆದರೆ ಡೀಲರನ್ನು ಹತ್ತು ನಿಮಿಷದ ಟೆಸ್ಟ್ ರೈಡ್ ಕೇಳಬೇಡಿ. ಎರಡು ಗಂಟೆ ಕೇಳಿ, ಹಿಂದೆ ಕೂರುವವರನ್ನೂ ಜೊತೆಗೆ ಕರೆದೊಯ್ಯಿರಿ; ಅಷ್ಟು ಹೊತ್ತು ಕೊಡಲು ಒಪ್ಪದ ಡೀಲರಿಂದ ಹತ್ತು ಲಕ್ಷದ ಬೈಕು ಕೊಳ್ಳಬೇಡಿ.